ಹಳದಿ ಮಿಂಚಿನ ಸ್ಟಿಕರು

ಗುರುಸಿದ್ದ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಕಡೆಗೆ ಹೇಳಿದರೆ ಯಾರೂ ನಂಬುವುದಿಲ್ಲ. ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ಯಳವಿಯಲ್ಲಿ ಇಪ್ಪತ್ತೈದು ವರ್ಷ ಕಾಳುಕಡಿ ವ್ಯಾಪಾರ ಮಾಡಿದವನು, ಒಂದು ದಿನವೂ ತೂಕದಲ್ಲಿ ಮೋಸ ಮಾಡಿದವನಲ್ಲ. ಅಂಥವನು ಆ ರವಿವಾರ ಬೆಳಿಗ್ಗೆ ಹಿತ್ತಲ ಬಾಗಿಲು ಹಾಕಿಕೊಂಡು, ಮಗನ ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲಿದ್ದ ಹಳದಿ ಮಿಂಚಿನ ಸ್ಟಿಕರನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದ.

ಅದು ಡರ್ಟ್ ಬೈಕು. ಗುಡ್ಡ ಹಳ್ಳ ಎನ್ನದೆ ಓಡುವ ಎತ್ತರದ ಗಾಡಿ. ಮಗ ಸೋಮಲಿಂಗ ಮತ್ತು ಅವನ ಗೆಳೆಯ ಅಶಪಾಕ ಹೋದ ವರ್ಷ ಹಟ ಹಿಡಿದು ಒಂದೇ ದಿನ ಒಂದೇ ಥರದ ಎರಡು ಗಾಡಿ ತಂದಿದ್ದರು. ಎರಡಕ್ಕೂ ಕೆಂಪು ಸೀಟು, ಎರಡಕ್ಕೂ ಹಳದಿ ಮಿಂಚು. ನೋಡಿದವರು ಅಣ್ಣತಮ್ಮಂದಿರು ಅನ್ನಬೇಕಂತೆ. ನಂಬರ್ ಪ್ಲೇಟು ಮಾತ್ರ ಎರಡರದ್ದೂ ಸದಾ ಮಣ್ಣು ಮೆತ್ತಿಕೊಂಡೇ ಇರುತ್ತಿತ್ತು.

ಶುಕ್ರವಾರ ಅಮಾವಾಸ್ಯೆ. ಗುಡ್ಡಾಪುರಕ್ಕೆ ಹೋಗಿ ದಾನಮ್ಮನಿಗೆ ಕಾಯಿ ಒಡೆಸಿ, ಬೆಳುಂಕಿಯ ಮುದುಕಿ ಚಂದ್ರಾಬಾಯಿ ಜೊತೆಗಾತಿ ಸಿದ್ದಲಿಂಗವ್ವನ ಸಂಗಡ ರಸ್ತೆಯಂಚಿಗೆ ನಡೆದು ಬರುತ್ತಿದ್ದಳು. ಹೊತ್ತು ಇಳಿದಿತ್ತು. ಸೋಮಲಿಂಗ ತಿರುವಿನಲ್ಲಿ ಜೋರಾಗಿ ಬಂದು ಹೊಡೆದ, ನಿಲ್ಲಿಸದೆ ಮನೆಗೆ ಬಂದ, ಅಪ್ಪನ ಕಾಲು ಹಿಡಿದು ಅತ್ತ. ಹೆಲ್ಮೆಟ್ ಇದ್ದುದರಿಂದ ತನ್ನ ಮುಖ ಕಾಣಲಿಲ್ಲ, ಆದರೆ ಇನ್ನೊಬ್ಬ ಮುದುಕಿ ಗಾಡಿಯನ್ನು ಚೆನ್ನಾಗಿ ನೋಡಿದಳು ಎಂದೂ ಹೇಳಿದ. ಶನಿವಾರ ಚಂದ್ರಾಬಾಯಿ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಬಂತು.

ಗುರುಸಿದ್ದನ ತಲೆಗೆ ಹೊಳೆದದ್ದು ಒಂದೇ, ಗಾಡಿಯ ಗುರುತು ಸಿಗಬಾರದು. ಅದೇ ಗುರುತಿನ ಇನ್ನೊಂದು ಗಾಡಿ ನಾಲ್ಕು ಮನೆ ಆಚೆ ನಿಂತಿದೆ ಎಂಬುದು ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆದದ್ದನ್ನು ಆಚೆ ತಳ್ಳಿದನೋ, ದೇವರೇ ಬಲ್ಲ.

ಕೂದಲು ಒಣಗಿಸುವ ಡ್ರೈಯರಿನ ಬಿಸಿ ಗಾಳಿ ಹಿಡಿದು ಸ್ಟಿಕರು ಕಿತ್ತ. ಉಳಿದ ಅಂಟನ್ನು ಸೀಮೆಎಣ್ಣೆ ಹಚ್ಚಿ ಒರೆಸಿದ. ಸ್ಟಿಕರು ಹೋಯಿತು, ಮಿಂಚು ಹೋಗಲಿಲ್ಲ. ವರ್ಷವೆಲ್ಲ ಬಿಸಿಲು ತಿಂದು ಸುತ್ತಲಿನ ಬಣ್ಣ ಮಾಸಿ, ಸ್ಟಿಕರಿನ ಅಡಿಯದ್ದು ಮಾತ್ರ ಹೊಸದಾಗಿಯೇ ಉಳಿದಿತ್ತು. ಅದರ ಮೇಲೆ ಅಗಲವಾದ ಕಪ್ಪು ಸ್ಟಿಕರು ಅಂಟಿಸಿ ಮುಚ್ಚಿದ. ಸೀಟಿನದು ಮಾತ್ರ ಅವನ ಕೈಗೆ ಹತ್ತಲಿಲ್ಲ. ಕೆಂಪು ಕವರು ಕಿತ್ತು ಒಲೆಗೆ ಹಾಕಿದ, ಆದರೆ ಹೊಸ ಕಪ್ಪು ರೆಗ್ಜಿನ್ ಎಷ್ಟು ಎಳೆದರೂ ಸುಕ್ಕು ಬಿದ್ದು ಕೂತಿತು. ಹೀಗೇ ಬಿಟ್ಟರೆ ಕುರುಡನಿಗೂ ಅನುಮಾನ ಬರುವಂತಿತ್ತು. ಎರಡು ತಾಸು ಒದ್ದಾಡಿ, ಬೇರೆ ದಾರಿ ಕಾಣದೆ ಗುಲಾಬನನ್ನು ಕರೆದ.

ಗುಲಾಬ ಅಶಪಾಕನ ಅಪ್ಪ. ಜತ್ತಿನ ಪೇಟೆಯಲ್ಲಿ ಸೀಟ್ ಕವರು ಹೊಲಿಯುವ ಅಂಗಡಿ ಅವನದು. ಗುರುಸಿದ್ದನೂ ಅವನೂ ಒಂದೇ ಸಾಲಿಯಲ್ಲಿ, ಒಂದೇ ಮಾಸ್ತರರ ಕೈಯಲ್ಲಿ ಪೆಟ್ಟು ತಿಂದವರು. ಸೋಮಲಿಂಗನನ್ನು ನೋಡಲು ಹೆಣ್ಣಿನ ಕಡೆಯವರು ಬರುತ್ತಾರೆ, ಈ ಪುಂಡರ ಬಣ್ಣವೆಲ್ಲ ತೆಗೆಸಬೇಕು ಎಂದು ಗುರುಸಿದ್ದ ಸುಳ್ಳು ಹೇಳಿದ. ಗುಲಾಬ ನಕ್ಕು, ಪಿನ್ನು ಹೊಡೆಯುವ ಗನ್ನು ಹಿಡಿದುಕೊಂಡು ಬಂದ. ರೆಗ್ಜಿನ್ನನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಹಾಕಿ ಮೆತ್ತಗೆ ಮಾಡಿದ. ಮುಂದಿನ ತುದಿಗೆ ಪಿನ್ನು, ಹಿಂದಿನ ತುದಿಗೆ ಪಿನ್ನು, ಆಮೇಲೆ ಎಡಕ್ಕೊಂದು ಬಲಕ್ಕೊಂದು. ಅರ್ಧ ತಾಸಿನಲ್ಲಿ ಒಂದು ಸುಕ್ಕಿಲ್ಲದ ಸೀಟು ತಯಾರಾಯಿತು. ಗುರುಸಿದ್ದ ದುಡ್ಡು ಕೊಡಲು ಹೋದರೆ ಗುಲಾಬ ಕೈಯನ್ನೇ ತಳ್ಳಿದ.

"ನಮ್ಮ ಹುಡುಗನ ಕನ್ಯಾದ ಕೆಲಸಕ್ಕ ರೊಕ್ಕ ತಗೋತೀನೇನು? ಲಗ್ನದಾಗ ಹೊಟ್ಟಿ ತುಂಬ ಊಟಾ ಹಾಕು, ಸಾಕು."

ಗುರುಸಿದ್ದನಿಗೆ ಆ ಮಧ್ಯಾಹ್ನ ಊಟ ಸೇರಲಿಲ್ಲ. ಹೆಂಡತಿ ಮಲಕವ್ವ ಬಡಿಸಿದ ರೊಟ್ಟಿ ಹಾಗೇ ಉಳಿಯಿತು.

ಮಂಗಳವಾರ ಪೊಲೀಸರು ಬಂದರು. ಸಿದ್ದಲಿಂಗವ್ವನಿಗೆ ಓದಲು ಬಾರದು, ಅವಳು ಹೇಳಿದ್ದು ಕೆಂಪು ಸೀಟು, ಹಳದಿ ಮಿಂಚು, ಅಷ್ಟೇ. ಕಟ್ಟೆಯ ಮೇಲೆ ಕೂತವರು ಗುಲಾಬನ ಮನೆಯ ಕಡೆ ಕೈ ತೋರಿಸಿದರು. ಎರಡು ಇದ್ದದ್ದನ್ನು ಒಂದು ಮಾಡಿದವನು ಗುರುಸಿದ್ದ. ಅವನು ತನ್ನ ಅಂಗಡಿಯ ಬಾಗಿಲಲ್ಲಿ ನಿಂತು ಅಶಪಾಕನನ್ನೂ ಗಾಡಿಯನ್ನೂ ಒಯ್ಯುವುದನ್ನು ನೋಡಿದ. ಶುಕ್ರವಾರ ಸಂಜೆ ಅಶಪಾಕ ಒಬ್ಬನೇ ಗುಡ್ಡದಲ್ಲಿ ಗಾಡಿ ಓಡಿಸುತ್ತಿದ್ದನಂತೆ, ಕಂಡವರಿಲ್ಲ. ಗಾಡಿಗಂತೂ ಗೀರುಗಳಿಗೆ ಬರವಿರಲಿಲ್ಲ. ಸೋಮಲಿಂಗ ಆ ದಿನ ಊರಲ್ಲೇ ಇರಲಿಲ್ಲ ಎಂಬ ಗುರುಸಿದ್ದನ ಮನೆಯವರ ಮಾತನ್ನು ನಂಬಿದ್ದ ಆ ಹುಡುಗ, ಗೆಳೆಯನ ಹೆಸರನ್ನೇ ಎತ್ತಲಿಲ್ಲ.

ಗುಲಾಬ ಓಡೋಡಿ ಬಂದದ್ದು ಗುರುಸಿದ್ದನ ಹತ್ತಿರವೇ. ಮತ್ತೆಲ್ಲಿಗೆ ಹೋಗಬೇಕು ಅವನು?

"ನೀ ಠಾಣೆಗೆ ಬಾ ಗುರುಸಿದ್ದಾ. ನಿನ್ನ ಮಾತಿಗಿ ಬೆಲಿ ಐತಿ. ಇಂಥಾ ಸ್ಟಿಕರ ಭಾಳ ಗಾಡಿಗಿ ಇರತಾವ, ನಿಮ್ಮ ಗಾಡಿಗೂ ಇತ್ತು ಅಂತ ಹೇಳೂಣು."

ಅವನ ಕಣ್ಣಿನಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಗುರುಸಿದ್ದನಿಗೆ ಅದೇ ಹೆಚ್ಚು ಚುಚ್ಚಿತು. ದಾರಿಯುದ್ದಕ್ಕೂ, ಹೇಳಿಬಿಡುತ್ತೇನೆ, ಸಾಹೇಬರ ಮುಂದೆ ಎಲ್ಲ ಹೇಳಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ಹತ್ತು ಸಲ ಅಂದುಕೊಂಡ. ನಿಜವಾಗಿಯೂ ಅಂದುಕೊಂಡ.

ಸಾಹೇಬರು ಮರಾಠಿಯಲ್ಲಿ ಕೇಳಿದರು. ಗುಲಾಬ ಕೈಮುಗಿದು ಅದೇ ವಾದ ಹೂಡಿದ. ಒಂದು ಸ್ಟಿಕರು ನೋಡಿ ಹುಡುಗನನ್ನು ಹಿಡಿಯುವುದು ಯಾವ ನ್ಯಾಯ? ಈ ನನ್ನ ಗೆಳೆಯನ ಮಗನ ಗಾಡಿಯೂ ಅಂಥದ್ದೇ, ಕೆಂಪು ಸೀಟು, ಹಳದಿ ಮಿಂಚು. ಮೊನ್ನೆ ರವಿವಾರ ನಾನೇ ಕೈಯಾರೆ ಅದಕ್ಕೆ ಹೊಸ ಕವರು ಹಾಕಿದೆ.

ಸಾಹೇಬರ ಪೆನ್ನು ನಿಂತಿತು. "ರವಿವಾರ?" ಎಂದರು.

ಈಗ ಗುಲಾಬನಿಗೆ ತನ್ನ ಮಾತೇ ತನಗೆ ಕೇಳಿಸಿತು. ಮೆಲ್ಲಗೆ ಗುರುಸಿದ್ದನ ಕಡೆ ತಿರುಗಿದ. ಮುಖದ ಬಣ್ಣ ಇಳಿದುಹೋಗಿತ್ತು. ಸಿಟ್ಟು ಇನ್ನೂ ಬಂದಿರಲಿಲ್ಲ, ಸುಳ್ಳಾಗಲಿ ಎಂಬ ಆಸೆಯೊಂದೇ ಇತ್ತು.

ಸಾಹೇಬರು ಗುರುಸಿದ್ದನನ್ನು ಕೇಳಿದರು, ಹೌದೇನು ಎಂದು.

ಗುರುಸಿದ್ದ ಒಳ್ಳೆಯ ಮರಾಠಿಯಲ್ಲಿ, ವ್ಯಾಪಾರದಲ್ಲಿ ಆಡುವ ಗಟ್ಟಿ ಮರಾಠಿಯಲ್ಲಿ ಉತ್ತರ ಕೊಟ್ಟ. ಮನೆಮಾತಿನಲ್ಲಿ ಅದು ನಾಲಿಗೆಗೆ ಬರುತ್ತಿರಲಿಲ್ಲವೇನೋ. ಕವರು ಹಾಕಿಸಿ ತಿಂಗಳಾಯಿತು ಸಾಹೇಬರೇ, ಪಾಪ, ಮಗನ ಸಂಕಟದಲ್ಲಿ ಇವನು ದಿನ ತಪ್ಪಿ ಹೇಳುತ್ತಿದ್ದಾನೆ ಎಂದ. ಬಿಲ್ಲು ಇದೆಯೇ ಎಂದು ಸಾಹೇಬರು ಗುಲಾಬನನ್ನು ಕೇಳಿದರು. ಬಿಲ್ಲು ಎಲ್ಲಿಂದ ಬರಬೇಕು? ಸಾಹೇಬರಿಗೂ ಕೆಲಸ ಮುಗಿಯಬೇಕಿತ್ತು. ಹೆಸರು ಮಾಡಿದ ವ್ಯಾಪಾರಿಯ ಮಾತನ್ನು ಬರೆದುಕೊಂಡು ಸಹಿ ಹಾಕಿಸಿಕೊಂಡರು.

ಹೊರಗೆ ಬಂದ ಮೇಲೆ ಗುಲಾಬ ಕೂಗಾಡಲಿಲ್ಲ, ಕೊರಳಪಟ್ಟಿ ಹಿಡಿಯಲಿಲ್ಲ. ಹಿಡಿದಿದ್ದರೆ ಗುರುಸಿದ್ದನಿಗೆ ಹಗುರಾಗುತ್ತಿತ್ತು.

"ರವಿವಾರ," ಎಂದ ಅವನು. "ನನಗೂ ಗೊತ್ತೈತಿ, ನಿನಗೂ ಗೊತ್ತೈತಿ."

ಅಷ್ಟು ಹೇಳಿ ಮತ್ತೆ ಒಳಗೆ ಹೋದ, ಮಗನಿದ್ದ ಕಡೆ.

ಗುರುಸಿದ್ದ ಎಸ್ಟಿ ಬಸ್ಸಿನಲ್ಲಿ ಒಬ್ಬನೇ ಊರಿಗೆ ಬಂದ. ಅವನಿಗೆ ಇನ್ನೊಂದು ಆಸೆ ಉಳಿದಿತ್ತು, ನಾಚಿಕೆಗೇಡಿ ಆಸೆ. ಸೋಮಲಿಂಗ ಬೈಯುತ್ತಾನೆ. ಅಶಪಾಕ ನನ್ನ ಜೀವದ ಗೆಳೆಯ, ಇದೇನು ಮಾಡಿ ಬಂದೆ ಎಂದು ಮೈಮೇಲೆ ಬರುತ್ತಾನೆ. ಹುಡುಗ ಒಂದು ಮಾತು ಬೈದರೆ ಸಾಕು, ಅವನ ಕೈ ಹಿಡಿದು ಅದೇ ಬಸ್ಸಿಗೆ ತಿರುಗಿ ಹೋಗುವುದು. ತನ್ನಿಂದ ಆಗದ್ದನ್ನು ಮಗ ಮಾಡಿಸಲಿ ಎಂದು ಕಾಯುವ ಅಪ್ಪ ಎಂಥ ಅಪ್ಪ, ಹೇಳಿ.

ಮಲಕವ್ವ ಬಾಗಿಲಲ್ಲಿ ಗಂಡನ ಮುಖ ನೋಡಿ ಒಳಗೆ ಹೋದಳು. ಪಡಸಾಲೆಯಲ್ಲಿ ಕೂತಿದ್ದ ಸೋಮಲಿಂಗ ಎದ್ದು ನಿಂತ. ಗುರುಸಿದ್ದ ಒಂದೂ ಬಿಡದೆ ಎಲ್ಲ ಹೇಳಿದ. ಗುಲಾಬನ ಮುಖ ಹೇಗಾಯಿತು ಎಂಬುದನ್ನೂ ಹೇಳಿದ. ಹೇಳಿ ಕಾದ.

ಸೋಮಲಿಂಗ ದೀರ್ಘವಾಗಿ ಉಸಿರು ಬಿಟ್ಟ. ನಾಲ್ಕು ದಿನದಿಂದ ಬಿಳಿಚಿಕೊಂಡಿದ್ದ ಮುಖಕ್ಕೆ ರಕ್ತ ಬಂತು.

"ಚಲೋ ಮಾಡಿದಿ ಅಪ್ಪಾ," ಎಂದ. ಸ್ವಲ್ಪ ತಡೆದು, "ಹಂಗಾರ ಸೋಮವಾರದಿಂದ ಗಾಡಿ ಹೊರಗ ತಗೀಲೇನು?"

ಗುರುಸಿದ್ದ ಹೂಂ ಎಂದ.