ಸುಂದರೇಶನ ಹನ್ನೆರಡು ಜಾಯಿಂಟ್

ಬೇಗಾರಿನ ಸುಂದರೇಶ ಹತ್ತು ವರ್ಷ ಅಡಿಕೆ ಮರ ಹತ್ತಿ ಗೊನೆ ಇಳಿಸಿದವನು. ಈಗ ಆರು ವರ್ಷದಿಂದ ಕೊಪ್ಪದ ಸೋಮನಾಥರ ಹತ್ತಿರ ಇಂಟರ್‌ನೆಟ್ ಕೇಬಲ್ ಎಳೆಯುವ ಕೆಲಸ. ಮರ ಹೋಗಿ ಕಂಬ ಬಂತು, ಅಷ್ಟೇ ವ್ಯತ್ಯಾಸ. ಶೃಂಗೇರಿಯಿಂದ ನರಸಿಂಹರಾಜಪುರದವರೆಗೆ ಅವನು ಹತ್ತದ ಕಂಬ ಕಡಿಮೆ.

ಈ ಕೆಲಸದಲ್ಲಿ ಒಂದು ತಮಾಷೆಯಿದೆ. ಮನುಷ್ಯ ಎಷ್ಟು ಮೇಲೆ ಹತ್ತುತ್ತಾನೋ ಸಂಬಳ ಅಷ್ಟು ಕೆಳಗೆ. ಕಂಬದ ತುದಿಯಲ್ಲಿ ನೇತಾಡುವವನಿಗೆ ದಿನಕ್ಕೆ ಒಂಬೈನೂರು, ಅದೂ ಬಂದ ದಿನಕ್ಕೆ ಮಾತ್ರ. ನೆಲದ ಮೇಲೆ ಕುರ್ಚಿ ಹಾಕಿಕೊಂಡು, ಕೂದಲಿನಂಥ ಗಾಜಿನ ಎಳೆಗಳನ್ನು ಮಷಿನಿನಲ್ಲಿಟ್ಟು ಬೆಸೆಯುವ ಜಾಯಿಂಟಿನವನಿಗೆ ತಿಂಗಳಿಗೆ ಇಪ್ಪತ್ತೆಂಟು ಸಾವಿರ, ಪೆಟ್ರೋಲು ಬೇರೆ. ಇವರನ್ನೆಲ್ಲ ನೋಡಿಕೊಳ್ಳುವ ಸೂಪರ್‌ವೈಸರಿಗೆ ಮೂವತ್ತೆಂಟು; ಅವನು ಬೈಕಿನಿಂದ ಇಳಿಯುವುದೇ ಅಪರೂಪ.

ಜಾಯಿಂಟಿನ ಗಜಾನನ ಸೂಪರ್‌ವೈಸರ್ ಆಗುವವನಿದ್ದ. ಅವನ ಕುರ್ಚಿ ಸುಂದರೇಶನಿಗೆ ಬೇಕಿತ್ತು. ದುಡ್ಡಿಗೆಷ್ಟೋ, ಮಂಡಿಗೂ ಅಷ್ಟೇ. ಹೋದ ವರ್ಷದಿಂದ ಬಲಮಂಡಿ ಕಟಕಟ ಅನ್ನುತ್ತಿತ್ತು. "ನೀವು ಗೇಟಿಗೆ ಬಂದಿದ್ದು ನಂಗೆ ಒಲೆ ಮುಂದೇ ಕೇಳುತ್ತೆ" ಎಂದು ಹೆಂಡತಿ ಶ್ವೇತ ಆಡಿಕೊಳ್ಳುತ್ತಿದ್ದಳು. ಮೂರು ತಿಂಗಳು ಅವನು ಕೆಲಸ ಮುಗಿಸಿ ಕೊಪ್ಪದ ಆಫೀಸಿನಲ್ಲಿ ಕೂತು ಗಜಾನನನಿಂದ ಕಲಿತ. ಕೈ ಪಳಗಿತು. ಸೋಮನಾಥರು ಹೇಳಿದರು:

"ಶುಕ್ರವಾರ ಭಂಡಿಗಡಿಯಲ್ಲಿ ಹನ್ನೆರಡು ಜಾಯಿಂಟ್ ನೀನೇ ಮಾಡು. ಮೂರು ಗಂಟೆಗೆ ಬಂದು ನೋಡ್ತೀನಿ. ಸರಿ ಇದ್ರೆ ಕೆಲ್ಸ ನಿಂದು. ಇಲ್ದಿದ್ರೆ ಡಿಪ್ಲೊಮಾ ಮಾಡಿದವನೊಬ್ಬ ಸೋಮವಾರ ಬರ್ತಾನೆ. ಗಜಾನನ, ನೀನು ಬಾಯಿ ಬಿಡಬಾರ್ದು."

ಶುಕ್ರವಾರ ಸುಂದರೇಶ, ಗಜಾನನ, ಜೊತೆಗೆ ಕೇಬಲ್ ಎಳೆಯುವ ಯೋಗೇಶ ಮೂವರೂ ಭಂಡಿಗಡಿಯ ಪ್ರೇಮಕ್ಕನ ಹೋಟೆಲಿನ ಮುಂದಿನ ಜಗುಲಿಯಲ್ಲಿ ಮಷಿನ್ ಇಟ್ಟರು. ಪ್ರೇಮಕ್ಕ ಕಾಫಿ ಕೊಟ್ಟಳು, ಹಿಂದೆಯೇ ಎಲೆಅಡಿಕೆ ತಟ್ಟೆ ತಂದಳು.

"ಹೊಸ ಕೆಲ್ಸಕ್ಕೆ ಕೂರ್ತಿದೀಯ, ಬಾಯಿ ಖಾಲಿ ಇಟ್ಕೊಂಡು ಕೂರ್ಬೇಡ ಮಾರಾಯ."

ತಟ್ಟೆ ಮುಂದೆ ಬಂದ ಮೇಲೆ ಬೇಡ ಅಂದರೆ ಮರ್ಯಾದೆಯಲ್ಲ. ಸುಂದರೇಶ ಎಲೆಯ ನಾರು ಎಳೆದು, ಹೆಬ್ಬೆರಳಲ್ಲಿ ಸುಣ್ಣ ಸವರಿ, ಅಡಿಕೆ ಸೇರಿಸಿ ದವಡೆಗೊತ್ತಿ ಕೆಲಸಕ್ಕೆ ಕೂತ.

ಮೊದಲನೆಯದು ಕೆಟ್ಟಿತು. ಬೆಸುಗೆ ಸರಿಯಿದ್ದರೆ ಮಷಿನಿನ ಪರದೆಯಲ್ಲಿ ಸೊನ್ನೆಯ ಪಕ್ಕದ ಅಂಕಿ ಬರಬೇಕು. ಬಂದದ್ದು ಅದರ ಹತ್ತು ಪಟ್ಟು. ಕತ್ತರಿಸಿ ಮತ್ತೆ ಮಾಡಿದ. ಮತ್ತೆ ಹಾಗೇ. ಮೂರನೆಯ ಸಲ ಮಷಿನ್ ಬೆಸೆಯುವುದಕ್ಕೇ ಒಪ್ಪದೆ ಕೀಂಕ್ ಅಂದಿತು.

"ಎಂತ ಅದು, ಬೈತದಾ?" ಎಂದಳು ಪ್ರೇಮಕ್ಕ.

ಗಜಾನನ ಗಂಭೀರವಾಗಿ ರಸ್ತೆ ನೋಡುತ್ತ ಕೂತಿದ್ದ. ಗಂಟೆ ಒಂದೂವರೆ.

ಸುಂದರೇಶ ಪರದೆಯ ಚಿತ್ರ ದೊಡ್ಡದು ಮಾಡಿದ. ಎಳೆಯ ಮೇಲೆ ಬಿಳಿಯ ಕಾಳು ಕಾಳು. ಎಲ್ಲಿಂದ ಬಂತು? ನಾಲ್ಕನೆಯ ಸಲ ನಿಧಾನವಾಗಿ, ಬೇರೆ ಯಾರದೋ ಕೈ ನೋಡಿದ ಹಾಗೆ ತನ್ನ ಕೈ ನೋಡುತ್ತ ಮಾಡಿದ. ಮೇಲಿನ ಸಿಪ್ಪೆ ತೆಗೆದ, ಸ್ಪಿರಿಟ್ಟಿನಲ್ಲಿ ಒರೆಸಿದ. ಅಷ್ಟಕ್ಕೆ ಬಿಡಬೇಕಲ್ಲ, ಬೆರಳು ಬಿಡಲಿಲ್ಲ. ವೀಳ್ಯದೆಲೆಯ ನಾರು ಎಳೆಯುವಂತೆ ಆ ಬರಿ ಎಳೆಯನ್ನು ಇನ್ನೊಮ್ಮೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಜಾರಿಸಿತು. ಉಗುರಿನ ಅಂಚಿನಲ್ಲಿ ಸುಣ್ಣ! ಆಫೀಸಿನಲ್ಲೂ ಹೀಗೇ ಎಳೆಯುತ್ತಿದ್ದನೋ ಏನೋ. ಅಲ್ಲಿ ಎಲೆಅಡಿಕೆ ಹಾಕುವಂತಿರಲಿಲ್ಲ, ಬೆರಳು ಚೊಕ್ಕವಾಗಿರುತ್ತಿತ್ತು.

ಅವನು ಎದ್ದು ಬಾಯಿ ಮುಕ್ಕಳಿಸಿ, ಎರಡು ಸಲ ಸೋಪು ಹಾಕಿ ಕೈ ತೊಳೆದ.

"ಊಟಕ್ಕೆ ಎದ್ಯಾ?"

"ಇಲ್ಲ ಪ್ರೇಮಕ್ಕ. ನಿಮ್ಮ ಸುಣ್ಣ ಭಾರೀ ಗಟ್ಟಿ."

ಮುಂದಿನದು ಸೊನ್ನೆಯ ಪಕ್ಕಕ್ಕೇ ಬಂದು ನಿಂತಿತು. ಸೋಮನಾಥರು ಬಂದಾಗ ಒಂಬತ್ತು ಜಾಯಿಂಟ್ ಆಗಿದ್ದವು. ಉಳಿದ ಮೂರನ್ನು ಅವರೆದುರೇ ಮುಗಿಸಿದ. ಅವರು ಹನ್ನೆರಡೂ ಅಂಕಿ ಓದಿ ತಲೆಯಾಡಿಸಿದರು.

"ಆಯ್ತು, ಕೆಲ್ಸ ನಿಂದೇ. ಹೊಸಬ ನೋಡು, ಈಗ ಇಪ್ಪತ್ತೆರಡು ತಗೋ."

"ಜಾಯಿಂಟ್ ಹೊಸಬನ ಹಾಗೆ ಮಾಡಿಲ್ವಲ್ಲ ಸಾರ್, ಗಜಾನನಣ್ಣಂದು ಎಷ್ಟು ಬರುತ್ತೋ ಅಷ್ಟೇ ಬಂದಿದೆ. ಸಂಬಳ ಮಾತ್ರ ಯಾಕೆ ಹೊಸಬಂದು?"

ಒಳಗಿಂದ ಪ್ರೇಮಕ್ಕ, "ಹೌದು ಮತ್ತೆ, ಅಂಕಿ ನಾನೂ ನೋಡಿದೀನಿ!" ಎಂದು ಕೂಗಿದಳು. ಸೋಮನಾಥರು ನಕ್ಕುಬಿಟ್ಟರು. ಈಗ ಇಪ್ಪತ್ತಾರು, ಮಳೆಗಾಲ ದಾಟಿದರೆ ಇಪ್ಪತ್ತೆಂಟು, ಪೆಟ್ರೋಲು ಇವತ್ತಿಂದಲೇ ಎಂದು ಮಾತಾಯಿತು.

ಅವರು ಹೋದ ಮೇಲೆ ಸುಂದರೇಶ ಕೇಳಿದ, "ಗಜಾನನಣ್ಣ, ಸುಣ್ಣದ್ದು ನಿಂಗೆ ಮೊದ್ಲೇ ಗೊತ್ತಿತ್ತಲ್ಲ?"

"ಎಲ್ಲಿ ಗೊತ್ತು ಮಾರಾಯ! ಗೊತ್ತಿಲ್ದಿದ್ದಕ್ಕೇ ಅಷ್ಟು ಗಂಭೀರವಾಗಿ ಕೂತಿದ್ದೆ."

ಬೆಸೆದ ಎಳೆಗಳನ್ನೆಲ್ಲ ಕಪ್ಪು ಡಬ್ಬಿಯೊಳಗೆ ಮುಚ್ಚಿದ್ದಾಯಿತು. ಅದನ್ನು ಕಂಬದ ಮೇಲೆ ಕಟ್ಟಬೇಕು. ಸುಂದರೇಶ ಅಭ್ಯಾಸದಂತೆ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಯೋಗೇಶ ಅವನ ಸೊಂಟದ ಬೆಲ್ಟ್ ಹಿಡಿದು ಹಿಂದಕ್ಕೆಳೆದ. "ಇಳಿಯಾ ಸಾಕು. ಸಂಬಳ ನೆಲದ್ದು, ಹತ್ತೋದು ಕಂಬವಾ?"

ಯೋಗೇಶ ಮೇಲೆ ಹೋದ. ಸುಂದರೇಶ ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ಕಣ್ಣಿಗೆ ಕೈ ಅಡ್ಡ ಹಿಡಿದು ಕೂಗಿದ:

"ಸ್ವಲ್ಪ ಎಡಕ್ಕೆ ಯೋಗೇಶ!"

ಎಡಕ್ಕೆ ಸರಿಸುವುದೇನೂ ಇರಲಿಲ್ಲ. ಹೇಳಿ ನೋಡಿದ, ಹಿತವಾಗಿತ್ತು.