ಕಂಪ್ಯೂಟರು ಜ್ವರಕ್ಕೆ ಕೂತದ್ದು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮಿ ಹೇಳುವುದು ಸುಳ್ಳಲ್ಲ. ಆದರೆ ಆ ಕೋಪದಿಂದಲೇ ಈ ಲುಬ್ನಾ ಒಂದು ಸಾಫ್ಟ್‌ವೇರ್ ಬರೆದಳು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಶಿಡ್ಲಘಟ್ಟದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಬರುವ ಯಂತ್ರಗಳಲ್ಲಿ ಅರ್ಧದಷ್ಟು ಕೆಡುವುದು ಒಳಗಿನ ಶಾಖಕ್ಕೆ. ಶಾಖ, ವೋಲ್ಟೇಜು, ಫ್ಯಾನಿನ ವೇಗ ತೋರಿಸುವ ಸಾಫ್ಟ್‌ವೇರ್‌ಗಳೇನೋ ಬೇಕಾದಷ್ಟಿವೆ, ಎಲ್ಲ ಇಂಗ್ಲಿಷಿನಲ್ಲಿ. ಎಚ್ಚರಿಕೆ ಬಂದರೆ ನಮ್ಮ ಜನ ನೊಣ ಓಡಿಸಿದ ಹಾಗೆ ಅದನ್ನು ಮುಚ್ಚಿ ಕೆಲಸ ಮುಂದುವರಿಸುತ್ತಾರೆ. ಹೇಳಿ ಹೇಳಿ ಬಾಯಿ ನೋವು ಬಂದು, ನಾನೇ ಕನ್ನಡದಲ್ಲಿ ಒಂದು ಬರೆದೆ. ಮನೆಮಾತು ಉರ್ದು ಆದರೇನು, ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ನೂರಿಪ್ಪತ್ತೈದಕ್ಕೆ ನೂರಿಪ್ಪತ್ತನಾಲ್ಕು. ಆ ಒಂದು ಅಂಕ ಕಿತ್ತುಕೊಂಡ ಪುಣ್ಯಾತ್ಮನ ಮೇಲೆ ನನಗಿನ್ನೂ ಸಿಟ್ಟಿದೆ.

ಅದನ್ನು ಮೊದಲು ಹಾಕಿಕೊಟ್ಟದ್ದು ಸಾದಲಿಯ ಅಮ್ಮಾಜಮ್ಮನಿಗೆ. ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಮೊದಲ ಎಂಟು ಹತ್ತು ದಿನ ಸಾಕಿ ರೈತರಿಗೆ ಕೊಡುವ ಚಾಕಿ ಕೇಂದ್ರ ಅವರದು. ಓದಿದ್ದು ಏಳನೇ ಕ್ಲಾಸು. ಆದರೂ ಎಂಟು ವರ್ಷಗಳಿಂದ ಪ್ರತಿ ಬೆಳೆಯ ತೇವ, ಕಾವು, ಸೊಪ್ಪು, ಸತ್ತ ಹುಳು, ಎಲ್ಲವನ್ನೂ ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಕಂಪ್ಯೂಟರಿಗೆ ತುಂಬಿಸಿದ್ದರು. ಅದಕ್ಕೆ ಇನ್ನೊಂದು ಪ್ರತಿ ಇರಲಿಲ್ಲ. ಇಟ್ಟುಕೊಳ್ಳಿ ಎಂದು ಹೇಳಬೇಕಾದ ನಾನೂ ಹೇಳಿರಲಿಲ್ಲ.

ಬುಧವಾರ ಮಧ್ಯಾಹ್ನ ಅವರ ಫೋನು ಬಂತು. "ಕಂಪ್ಯೂಟರು ಆಫಾಗೋಯ್ತು ಕಣಮ್ಮ, ಏಳ್ತಾನೇ ಇಲ್ಲ. ನಾಳೆ ಬೆಳಗ್ಗೆ ಕೆಂಚಾರ್ಲಹಳ್ಳಿ ಕಡೆಯಿಂದ ನಲವತ್ತು ಜನ ರೈತರು ನನ್ನ ಲೆಕ್ಕ ನೋಡಿ ಕಲಿಯಕ್ಕೆ ಬರ್ತಾರೆ. ಬರೀ ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ?" ರಿಪೇರಿ ಚೀಲ ಹಿಡಿದು ಸ್ಕೂಟರ್ ಹತ್ತಿದೆ.

ಹೋಗಿ ನೋಡಿದರೆ ಕಂಪ್ಯೂಟರ್ ಇದ್ದ ಕೋಣೆಯ ಬಾಗಿಲು ಮುಚ್ಚಿದೆ, ಕಿಟಕಿ ಮುಚ್ಚಿದೆ, ಯಂತ್ರದ ಮೇಲೆ ಒಂದು ದುಪ್ಪಟಿ ಹೊದಿಸಿದೆ. ಬಾಗಿಲಿಗೆ ಚೀಟಿ ಬೇರೆ: 'ಮುಟ್ಟಬೇಡಿ'. ದುಪ್ಪಟಿ ತೆಗೆದು ಕೈಯಿಟ್ಟೆ. ಕಾದ ಹೆಂಚು.

"ಇದೇನಮ್ಮ ಮಾಡಿದೀರ? ಜ್ವರ ಬಂದಿದೆ ಅಂತ ಪರದೆ ತುಂಬ ಬರಲಿಲ್ವಾ?" ಎಂದು ಕೂಗಿಯೇ ಬಿಟ್ಟೆ. ತೊಂಬತ್ತು ಡಿಗ್ರಿ ದಾಟಿದರೆ ಹಾಗೆ ಬರಲಿ ಎಂದು ಆ ಮಾತನ್ನು ನಾನೇ ಆರಿಸಿ ಹಾಕಿದ್ದೆ. ಜ್ವರ ಎಂದರೆ ಮಗುವಿಗೂ ಗೊತ್ತಾಗುತ್ತದಲ್ಲ.

"ಏಮಮ್ಮಾ, ಇಷ್ಟು ಕೋಪ? ಬಂತು. ಅದಕ್ಕೇ ಮುಟ್ಟಲಿಲ್ಲ" ಎಂದರು ಅಮ್ಮಾಜಮ್ಮ. "ಹುಳ ಜ್ವರಕ್ಕೆ ಕೂತ್ರೆ ಸೊಪ್ಪು ಹಾಕ್ಬಾರ್ದು, ಅಲುಗಾಡಿಸ್ಬಾರ್ದು. ಮೇಲೆ ಒಂದಿಷ್ಟು ಸುಣ್ಣದ ಪುಡಿ ಉದುರಿಸಿ ಸುಮ್ನೆ ಬಿಡ್ಬೇಕು. ಒಂದಿನ ಕಳೆದ್ರೆ ಹಳೇ ಚರ್ಮ ಕಳಚಿ ತಾನೇ ಏಳುತ್ತೆ. ನಿನ್ನ ಕಂಪ್ಯೂಟರೂ ಏಳುತ್ತೆ ಅಂತ ಕಾದೆ."

ನಮ್ಮ ಅಬ್ಬಾ ವಜೀರ್ ಮೂವತ್ತು ವರ್ಷ ಗೂಡು ಬೇಯಿಸಿ ನೂಲು ತೆಗೆದವರು. ನಮಗೆ ಗೊತ್ತಿರುವುದು ಗೂಡು ಮಾರ್ಕೆಟ್ಟಿಗೆ ಬಂದ ಮೇಲಿನ ಕಥೆ. ಅದಕ್ಕೂ ಮೊದಲು ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಆ ಜ್ವರವೇ ಅದು ಬೆಳೆಯುವ ಲಕ್ಷಣ ಎಂದು ಇಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಕೋಪವೆಲ್ಲ ನನ್ನ ಮೇಲೇ ತಿರುಗಿತು.

ಯಂತ್ರ ಬಿಚ್ಚಿದೆ. ಪಕ್ಕದ ಹುಳದ ಮನೆಯಲ್ಲಿ ಉದುರಿಸಿದ ಸುಣ್ಣವನ್ನೆಲ್ಲ ಫ್ಯಾನು ತಿಂಗಳುಗಟ್ಟಲೆ ಎಳೆದುಕೊಂಡು, ತಿರುಗದ ಹಾಗೆ ಬಿಗಿದುಕೊಂಡಿತ್ತು. ಬ್ಲೋವರ್ ಹಿಡಿದು ಸುಣ್ಣ ಊದಿ, ಹೊಸ ಫ್ಯಾನು ಕೂಡಿಸುವ ಹೊತ್ತಿಗೆ ನಾಲ್ಕು ಗಂಟೆ. ಅಮ್ಮಾಜಮ್ಮ ಪಕ್ಕದಲ್ಲೇ ನಿಂತು ಸೆರಗಿನ ತುದಿ ತಿರುಚುತ್ತಿದ್ದರು. "ಎಂಟು ವರ್ಷ ಲುಬ್ನಮ್ಮ" ಎಂದರು, ಅಷ್ಟೇ. ಸ್ವಿಚ್ ಒತ್ತಿದೆ.

ಎದ್ದಿತು. ಎಲ್ಲ ಹಾಳೆಗಳೂ ಇದ್ದವು, ಆ ದಿನ ಬೆಳಗಿನ ಸಾಲಿನವರೆಗೆ. ನನ್ನ ಸಾಫ್ಟ್‌ವೇರ್ ನಿಮಿಷ ನಿಮಿಷಕ್ಕೂ ಬರೆದಿಟ್ಟದ್ದನ್ನು ತೆಗೆದು ನೋಡಿದೆ. ಹನ್ನೆರಡು ಹತ್ತಕ್ಕೆ ಫ್ಯಾನು ಸೊನ್ನೆ. ಒಂದು ನಲವತ್ತೆರಡಕ್ಕೆ ತೊಂಬತ್ತೈದು ಡಿಗ್ರಿ. ಆಗ ಅದು ನಾನು ಹೇಳಿಕೊಟ್ಟ ಹಾಗೆಯೇ ತೆರೆದಿದ್ದ ಹಾಳೆಗಳನ್ನು ಉಳಿಸಿ, ಕಂಪ್ಯೂಟರನ್ನು ತಾನೇ ಆರಿಸಿತ್ತು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ನಾನು ಬರೆದದ್ದು ಕಣ್ರೀ, ನಾನೊಬ್ಬಳೇ, ಅಂಗಡಿಯ ಮುರುಕು ಕುರ್ಚಿಯಲ್ಲಿ ಕೂತು. ಪ್ರೋಗ್ರಾಮು ಗೆದ್ದಿತ್ತು, ನನ್ನ ಕನ್ನಡ ಸೋತಿತ್ತು.

ಮೊದಲು ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಪ್ರತಿ ಮಾಡಿ ಅವರ ಕೈಗಿಟ್ಟೆ. ಆಮೇಲೆ, "ಹುಳದ ಮನೇಲಿ ಬಿಸಿ ಜಾಸ್ತಿ ಆದ್ರೆ ನೀವು ಏನಂತೀರಮ್ಮ?" ಎಂದೆ.

"ಕಾವು ಏರ್ತು, ಗಾಳಿ ಬಿಡ್ರೋ ಅಂತೀವಿ."

ಅದನ್ನೇ ಹಾಕಿದೆ: 'ಕಾವು ಏರಿದೆ. ಗಾಳಿ ಬಿಡಿ, ಫ್ಯಾನು ನೋಡಿ.' ಅಮ್ಮಾಜಮ್ಮ ಅಷ್ಟಕ್ಕೇ ಬಿಡಲಿಲ್ಲ, ಉಳಿದ ಮಾತುಗಳನ್ನೂ ಓದಿಸಿದರು.

"ವಿಭವಾಂತರ ಕುಸಿದಿದೆ ಅಂದ್ರೆ? ಯಾರದು, ವಿಭವಾಂತರ?"

"ವೋಲ್ಟೇಜು ಕಣಮ್ಮ."

"ಕರೆಂಟು ಡಿಮ್ಮಾಗಿದೆ ಅನ್ನು. ಸಾಕು."

ಹತ್ತೊಂಬತ್ತು ಎಚ್ಚರಿಕೆಗಳಲ್ಲಿ ಹದಿನಾಲ್ಕನ್ನು ಹೊಡೆದುಹಾಕಿಸಿದರು. ಪ್ರತಿಯೊಂದಕ್ಕೂ ಜಗಳವಾಡಿದೆ, ಪ್ರತಿಯೊಂದರಲ್ಲೂ ಸೋತೆ.

ಮರುದಿನ ಬೆಳಗ್ಗೆ ನಾನೂ ಹೋಗಿ ಹಿಂದೆ ನಿಂತೆ. ಅಮ್ಮಾಜಮ್ಮ ಎಂಟು ವರ್ಷದ ಬೆಳೆಗಳನ್ನು ಒಂದೊಂದಾಗಿ ಪರದೆಯ ಮೇಲೆ ತೋರಿಸುತ್ತ, ಎಲ್ಲಿ ತಪ್ಪಿದೆ, ಯಾಕೆ ತಪ್ಪಿದೆ ಎಂದು ಹೇಳುತ್ತ ಹೋದರು. ನಲವತ್ತು ಜನ ಕೆಮ್ಮದೆ ಕೇಳಿದರು. ನಡುವೆ ಆವುಲಪ್ಪ ಎಂಬ ಹಿರಿಯ ರೈತರೊಬ್ಬರು ಪರದೆಯ ಮೂಲೆಗೆ ಬೆರಳು ಮಾಡಿ, ಅಲ್ಲಿ ಓಡುತ್ತಿದ್ದ ಕಾವು, ಕರೆಂಟು, ಫ್ಯಾನಿನ ಅಂಕಿಗಳನ್ನು ತೋರಿಸಿದರು. "ಇದು ಎಲ್ಲಿ ಸಿಗುತ್ತಮ್ಮ? ಓದಿದ್ರೆ ನಮ್ಮನೇಲೇ ಯಾರೋ ಮಾತಾಡ್ದಂಗಿದೆ. ಯಾರು ಮಾಡಿದ್ದು?"

ಅಮ್ಮಾಜಮ್ಮ ತಿರುಗಿ ನನ್ನತ್ತ ಕೈ ತೋರಿಸಿದರು. "ನಮ್ಮ ಹುಡುಗಿ. ಅಗೋ, ಅಲ್ಲಿ ನಿಂತವ್ಳೆ. ಕನ್ನಡ ಒಂದನ್ನ ನಾನು ಹೇಳ್ಕೊಟ್ಟೆ, ಮಿಕ್ಕಿದ್ದೆಲ್ಲ ಅವಳದೇ ತಲೆ."

ನಲವತ್ತು ಮುಖಗಳು ನನ್ನ ಕಡೆ ತಿರುಗಿದವು. ಬಾಯಿಗೆ ಬಂದ ನೂರಿಪ್ಪತ್ತನಾಲ್ಕು ಅಂಕದ ಮಾತನ್ನು ಹುಟ್ಟಿದಾಗಿನಿಂದ ಮೊದಲ ಸಲ ನುಂಗಿಕೊಂಡು, "ಹೌದು, ಇವರೇ ಹೇಳಿಕೊಟ್ಟದ್ದು" ಎಂದೆ.