ರಬ್ಬರ್ ನಾಲಿಗೆ

"ಅರ್ಜಿ ಹಾಕೋವರೆಗೂ ಬಾಯಿ ಬಿಡಬೇಡಿ" ಎಂದು ಪ್ರಾಜೆಕ್ಟ್ ಕ್ಲಾಸಿನಲ್ಲಿ ರಚನಾ ಮೇಡಂ ಹೇಳದ ವಾರವಿರಲಿಲ್ಲ. ಹೊಸದನ್ನು ಕಂಡುಹಿಡಿದವರು ಪೇಟೆಂಟ್ ಅರ್ಜಿಗೆ ಮೊದಲೇ ಊರಿಗೆಲ್ಲ ಸಾರಿದರೆ ಹಕ್ಕು ಕೈತಪ್ಪುತ್ತದೆ. ಗೆಳೆಯರಿಗೂ ಹೇಳಕೂಡದು, ಸ್ಟೇಟಸ್ಸಿಗೂ ಹಾಕಕೂಡದು. ಕೇಳಿ ಕೇಳಿ ಹುಡುಗರ ಕಿವಿ ತೂತಾಗಿತ್ತು.

ಅಂಥ ರಚನಾ ಈ ಬೆಳಿಗ್ಗೆ ತಾಂಬರಂ ಟ್ರೈನಿನಲ್ಲಿ ಕೂತು, ಫೋನಿನಲ್ಲಿ ತನ್ನ ವಿದ್ಯಾರ್ಥಿ ವರುಣನಿಗೆ ಅವನದೇ ಪ್ರಾಜೆಕ್ಟನ್ನು ಬಿಡಿಸಿ ಹೇಳುತ್ತಿದ್ದಳು. ನೀರಿನ ಕ್ಯಾನನ್ನು ಡಿಸ್ಪೆನ್ಸರ್ ಮೇಲೆ ಕವುಚಿ ಹಾಕುವಾಗ ಅರ್ಧ ನೀರು ನೆಲದ ಪಾಲಾಗುತ್ತದಲ್ಲ, ಅದನ್ನು ತಪ್ಪಿಸುವ ಮುಚ್ಚಳ ಅವನದು. ನಾಳೆಯೇ ಅರ್ಜಿ ಹಾಕಬೇಕು, ವಿವರಣೆ ಇನ್ನೂ ನೆಟ್ಟಗಾಗಿರಲಿಲ್ಲ.

"ಒಳಗೆ ರಬ್ಬರ್ ನಾಲಿಗೆ ಅಂತ ಬರಿ ಕಣೋ. ಕ್ಯಾನ್ ಕೂತ ಮೇಲೆ ಕೆಳಗಿನ ಕೊಳವೆ ಅದನ್ನ ಎತ್ತುತ್ತೆ, ಆಗ ಮಾತ್ರ ನೀರು ಬರುತ್ತೆ. ಸೀಳು ಓರೆಯಾಗಿರ್ಬೇಕು, ಅದೇ ಮುಖ್ಯ."

ಜೋರಾಗಿಯೇ ಹೇಳಿದಳು. ಮೈಸೂರು ಬಿಟ್ಟು ಬಂದವಳಿಗೆ ಈ ತಮಿಳು ಊರಲ್ಲಿ ಸಿಕ್ಕ ದೊಡ್ಡ ಸುಖ ಅದೇ. ಕನ್ನಡದಲ್ಲಿ ಏನಂದರೂ ಪಕ್ಕದವರಿಗೆ ತಿಳಿಯದು. ಮನೆ ಓನರನ್ನು ಅವರೆದುರೇ ಬೈದು ಹಗುರಾಗುತ್ತಿದ್ದಳು. ವರುಣನಿಗೆ ಕನ್ನಡ ಬರುತ್ತದೆಂದು ಅವಳಿಗೆ ಗೊತ್ತಾದದ್ದೇ ಹೋದ ತಿಂಗಳು, ಅವನಮ್ಮನ ಫೋನ್ ಬಂದು ಅವನು ಕನ್ನಡದಲ್ಲಿ ಮಾತಾಡಿದಾಗ.

ಸೈದಾಪೇಟೆಯಲ್ಲಿ, ಅಷ್ಟು ಹೊತ್ತೂ ಕಣ್ಣು ಮುಚ್ಚಿ ಕೂತಿದ್ದ ಎದುರು ಸೀಟಿನವನು ಎದ್ದ. "ಓರೆ ಸೀಳು ಚೆನ್ನಾಗಿದೆ ಮೇಡಂ. ಮಾಧವರಂನಲ್ಲಿ ನಮ್ದೂ ಕ್ಯಾನ್ ನೀರಿಂದೇ ಬಿಸಿನೆಸ್ಸು" ಎಂದು ಕನ್ನಡದಲ್ಲೇ ಹೇಳಿ, ನಕ್ಕು ಇಳಿದುಹೋದ.

ರಚನಾ ಫೋನ್ ಕೆಳಗಿಳಿಸಿದಳು. ಅವನ ಹಿಂದೆ ಓಡೋಣವೆಂದರೆ ಟ್ರೈನ್ ಹೊರಟೇಬಿಟ್ಟಿತ್ತು. ಒಳ್ಳೆಯವನಿರಬಹುದು. ಇರದೆಯೂ ಇರಬಹುದು. ಇವತ್ತೇ ಹೋಗಿ ಅವನೇ ಅರ್ಜಿ ಹಾಕಿಬಿಟ್ಟರೆ? ಎದ್ದಳು, ಕೂತಳು, ಮತ್ತೆ ಎದ್ದು ಬಾಗಿಲ ಕಂಬಿ ಹಿಡಿದಳು. ಮುಂದಿನ ಸ್ಟೇಷನ್ನು ಗಿಂಡಿ. ಪೇಟೆಂಟ್ ಆಫೀಸು ಇರುವುದೂ ಅಲ್ಲೇ.

"ಅರ್ಜಿ ಹೇಗಿದೆಯೋ ಹಾಗೇ ಎತ್ಕೊಂಡು ಗಿಂಡಿಗೆ ಬಾ, ಈಗ್ಲೇ" ಎಂದು ವರುಣನಿಗೆ ಹೇಳಿದಳು.

ಅರ್ಜಿಯ ಮೇಲೆ ತಾರೀಖಿನ ಮುದ್ರೆ ಬಿದ್ದ ಮೇಲೂ ಅವಳಿಗೆ ಸಮಾಧಾನವಾಗಲಿಲ್ಲ. ಆ ಮುದ್ರೆ ಇನ್ನು ಮುಂದಿನದನ್ನು ಕಾಯುತ್ತದೆ, ಟ್ರೈನಿನಲ್ಲಿ ಆಡಿದ್ದನ್ನು ಅಳಿಸುವುದಿಲ್ಲ. ಮೆಟ್ಟಿಲ ಮೇಲೆ ನಿಂತು ವರುಣನಿಗೆ ಎಲ್ಲವನ್ನೂ ಹೇಳಿದಳು.

"ಇಲ್ಲಿ ಯಾರಿಗೂ ಕನ್ನಡ ಬರಲ್ಲ ಅಂದ್ಕೊಂಡಿದ್ದೆ ಕಣೋ."

ವರುಣ್ ಕಾಗದವನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದ.

"ಫಸ್ಟ್ ಕ್ಲಾಸಲ್ಲೇ ನಮ್ಮ ಬ್ಯಾಚನ್ನ ನೀವು ಕನ್ನಡದಲ್ಲಿ ಕತ್ತೆಗಳು ಅಂದ್ರಿ ಮೇಡಂ," ಎಂದ. "ನಂಗೆ ಅವತ್ತೇ ಪುರಿಂಜುದು, ಅರ್ಥ ಆಯ್ತು. ಇನ್ನೂ ಯಾರಿಗೂ ಹೇಳಿಲ್ಲ."